ಕಾರಿಗೆ ಹಿನ್ನೋಟದ ಕ್ಯಾಮೆರಾ: ಸ್ವಂತ ಜೋಡಣೆಯ ಕೆಲವು ವಿಚಾರಗಳು

ಬೆಟಗೇರಿಯ ನೇಕಾರರ ಓಣಿಗಳಲ್ಲಿ ಮನೆಯ ಹೊಸ್ತಿಲಿಗೂ ದಾರಿಗೂ ಇರುವ ಅಂತರವು ಅನೇಕ ಕಡೆ ಅತ್ಯಲ್ಪವಾದುದು. ಇಂತಹ ಓಣಿಯನ್ನು ಹೊಕ್ಕ ಕಾರು ತಿರುಗಲು ಎಡೆಯಿಲ್ಲದೆ ಹಿಮ್ಮುಖವಾಗಿಯೇ ಹೊರಬರಬೇಕಾಗುತ್ತದೆ. ಚಾಲಕನು ತಿರುಗಿ ನೋಡಿದರೂ ಅವನಿಗೆ ಕಾಣದ ಪ್ರದೇಶವೊಂದುಂಟು. ಅದರ ವಿಸ್ತಾರವನ್ನು ಸುಲಭ ಗಣಿತದಿಂದ ತಿಳಿಯಬಹುದು. ಚಾಲಕನ ಕಣ್ಣು ನೆಲದಿಂದ 120 ಸೆಂ.ಮೀ. ಎತ್ತರದಲ್ಲಿಯೂ, ನೋಟವನ್ನು ತಡೆಯುವ ಹಿಂಬದಿಯ ಅಂಚು 105 ಸೆಂ.ಮೀ. ಎತ್ತರದಲ್ಲಿ, ಕಣ್ಣಿನಿಂದ 250 ಸೆಂ.ಮೀ. ದೂರದಲ್ಲಿಯೂ ಇವೆಯೆಂದು ಇಟ್ಟುಕೊಳ್ಳೋಣ. ಆಗ ದೃಷ್ಟಿರೇಖೆಯು ನೆಲವನ್ನು ಮುಟ್ಟುವುದು ಆ ಅಂಚಿನಿಂದ 17.5 ಮೀಟರು ಹಿಂದೆ. 80 ಸೆಂ.ಮೀ. ಎತ್ತರದ ಮಗುವಿನ ನೆತ್ತಿಯಾದರೂ ಕಾಣಬೇಕಾದರೆ ಅದು ನಾಲ್ಕು ಮೀಟರಿಗಿಂತ ಹೆಚ್ಚು ದೂರದಲ್ಲಿ ನಿಂತಿರಬೇಕು. ಅದಕ್ಕಿಂತ ಹತ್ತಿರ ಕುಳಿತು ಗೋಲಿಯಾಡುವ ಮಗುವನ್ನು ಎಂತಹ ಜಾಗರೂಕನೂ ಕಾಣಲಾರನು.

ಈ ಕೊರತೆಯನ್ನು ನೀಗುವ ಯೋಚನೆ ಹೊಸದಲ್ಲ. 1956ರಲ್ಲಿ ಪ್ರದರ್ಶಿತವಾದ ಬ್ಯೂಕ್ ಸೆಂಚೂರಿಯನ್ ಎಂಬ ಮಾದರಿ ಕಾರಿನಲ್ಲಿ ಕನ್ನಡಿಗೆ ಬದಲಾಗಿ ಟೆಲಿವಿಷನ್ ಕ್ಯಾಮೆರಾವೊಂದಿತ್ತು. ನಮ್ಮ ದೇಶದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಹಿಂಬದಿಯ ಅಡೆತಡೆಯನ್ನು ಸೂಚಿಸುವ ಸಂವೇದಕವು ಕಡ್ಡಾಯವಾಯಿತು. ಅದಕ್ಕೂ ಹಳೆಯ ಕಾರುಗಳು ಗದಗ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಬೀದಿಗಳಲ್ಲಿ ಇನ್ನೂ ಬೇಕಾದಷ್ಟಿವೆ. ಇಂತಹ ಕಾರಿಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನೂ ಚಿಕ್ಕ ಪರದೆಯನ್ನೂ ಕ್ಯಾಮೆರಾವನ್ನೂ ಸ್ವತಃ ಜೋಡಿಸಿಕೊಳ್ಳುವುದು ಭೌತಶಾಸ್ತ್ರದ ವಿದ್ಯಾರ್ಥಿಗೆ ಅಸಾಧ್ಯವೇನೂ ಅಲ್ಲ.

ರಿವರ್ಸ್ ಗೇರು ಬಿದ್ದೊಡನೆ ಹಿಂದಿನ ಬಿಳಿಯ ದೀಪಕ್ಕೆ ವಿದ್ಯುತ್ತು ಹರಿಯುತ್ತದೆ. ಇದೇ ನಮಗೆ ಬೇಕಾದ ಸೂಚನೆ. ಆದರೆ ಎಂಜಿನು ನಡೆಯುತ್ತಿರುವಾಗ ಆ ತಂತಿಯಲ್ಲಿ 14 ವೋಲ್ಟುಗಳಿಗೂ ಮಿಕ್ಕ ಒತ್ತಡವಿರಬಹುದು; ಗಣಕದ ಸೂಚನಾದ್ವಾರಗಳು ತಾಳುವುದು 3.3 ವೋಲ್ಟು ಮಾತ್ರ. ನೇರವಾಗಿ ಜೋಡಿಸಿದರೆ ಗಣಕವು ಸುಟ್ಟುಹೋಗುವುದು. ನಡುವೆ ಆಪ್ಟೋಕಪ್ಲರ್ ಒಂದನ್ನಿಟ್ಟು, ಅದರ ದೀಪಕ್ಕೆ 1,500 ಓಮಿನ ರೋಧಕವನ್ನು ಸೇರಿಸಿದರೆ ಸುಮಾರು 7ರಿಂದ 9 ಮಿಲಿಆಂಪಿಯರು ಹರಿದು, ಸೂಚನೆಯು ಬೆಳಕಿನ ರೂಪದಲ್ಲಿ ದಾಟುತ್ತದೆ. ಎರಡು ಮಂಡಲಗಳಿಗೂ ತಂತಿಯ ಸಂಬಂಧವೇ ಇರುವುದಿಲ್ಲ. ಕ್ಯಾಮೆರಾ ಪಾಲ್ ಪದ್ಧತಿಯದೋ ಎನ್.ಟಿ.ಎಸ್.ಸಿ. ಪದ್ಧತಿಯದೋ ಎಂಬುದನ್ನೂ ಮೊದಲೇ ನೋಡಿಕೊಳ್ಳತಕ್ಕದ್ದು. ಹೊಂದದಿದ್ದರೆ ಚಿತ್ರವು ಉರುಳುವುದು ಇಲ್ಲವೇ ಬಣ್ಣಗೆಡುವುದು. ಚಿತ್ರವನ್ನು ಎಡಬಲ ಮಾಡಿ ತೋರಿಸದಿದ್ದರೆ ಕಾರಿನ ಬಲಕ್ಕಿರುವ ಮಗು ಪರದೆಯ ಎಡಕ್ಕೆ ಕಾಣುವುದೆಂಬುದು ಇನ್ನೂ ಮುಖ್ಯವಾದ ಮಾತು.

ಇನ್ನು ವಿಳಂಬದ ಪ್ರಶ್ನೆ. ಗಂಟೆಗೆ 5 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 139 ಸೆಂ.ಮೀ. ಸರಿಯುತ್ತದೆ. ಚಿತ್ರವನ್ನು ಹಿಡಿದು, ಅಂಕೆಗಳಾಗಿ ಮಾರ್ಪಡಿಸಿ, ಪರದೆಗೆ ಕಳುಹಿಸಲು 0.3 ಸೆಕೆಂಡು ಹಿಡಿದರೆ ಅಷ್ಟರಲ್ಲಿಯೇ ಕಾರು 42 ಸೆಂ.ಮೀ. ಹಿಂದೆ ಬಂದಿರುತ್ತದೆ. ಅಲ್ಲದೆ ಕೀಲಿ ತಿರುಗಿಸಿದ ಮೇಲೆ ಗಣಕವು ಎಚ್ಚರಗೊಳ್ಳಲು ಹಲವು ಸೆಕೆಂಡುಗಳು ಬೇಕು. ಮನೆಯಿಂದ ಹೊರಡುವವನು ರಿವರ್ಸ್ ಹಾಕುವುದು ಆ ಹೊತ್ತಿನಲ್ಲಿಯೇ. ಆದುದರಿಂದ ಸಂಗೀತಕ್ಕೂ ನಕಾಶೆಗೂ ಗಣಕವಿರಲಿ, ಕ್ಯಾಮೆರಾದ ಸಂಕೇತವು ಮಾತ್ರ ಅದನ್ನು ಬಳಸದೆ ನೇರವಾಗಿ ಪರದೆಗೆ ಹೋಗಲಿ ಎಂಬುದು ನಮ್ಮ ಅಭಿಪ್ರಾಯ. ರಿವರ್ಸ್ ದೀಪದ ಸೂಚನೆಯಿಂದ ತಾನಾಗಿ ಬದಲಾಗುವ ಪರದೆಗಳು ಪೇಟೆಯಲ್ಲಿ ದೊರೆಯುತ್ತವೆ. ಇದರಿಂದ ಯಂತ್ರದ ಸೊಗಸು ಕೊಂಚ ತಗ್ಗುವುದನ್ನು ಒಪ್ಪಿಕೊಳ್ಳುತ್ತೇವೆ.

ದೂರವನ್ನು ಸೂಚಿಸುವ ಗೆರೆಗಳನ್ನು ಸಮತಟ್ಟಾದ ನೆಲದ ಮೇಲೆ ಅರ್ಧ, ಒಂದು, ಎರಡು ಮೀಟರುಗಳಲ್ಲಿ ಸುಣ್ಣದ ಗುರುತು ಹಾಕಿ ನಿಶ್ಚಯಿಸಬೇಕು. ಈ ಗೆರೆಗಳು ನೆಲಕ್ಕಷ್ಟೇ ಸಲ್ಲುತ್ತವೆ. ಹಿಂದಿನ ನೆಲವು ಏರುತ್ತಿದ್ದರೆ ವಸ್ತುವು ಇರುವುದಕ್ಕಿಂತ ದೂರದಲ್ಲಿದ್ದಂತೆ ತೋರುತ್ತದೆ. ಬಂಡಿಯಿಂದ ಹೊರಕ್ಕೆ ಚಾಚಿದ ಕಬ್ಬಿಣದ ಸಲಾಕಿಯ ಸಂಗತಿಯೂ ಹಾಗೆಯೇ. ಇದನ್ನು ನಾವು ಲೆಕ್ಕದಿಂದಲ್ಲ, ಕಾರಿನ ಹಿಂದಿನ ಗಾಜು ಒಡೆದ ಮೇಲೆ ತಿಳಿದೆವು!

ಮಸೂರವು ನೀರು ಹೊಗದ ಕವಚದೊಳಗಿದ್ದರೂ ಮಣ್ಣಿನಿಂದ ಪಾರಾಗದು. ಮುಂಡರಗಿಯ ಕಡೆ ಮಳೆಗಾಲದಲ್ಲಿ ಎರೆಮಣ್ಣು ಚಕ್ರದಿಂದ ಸಿಡಿದು ಒಣಗಿತೆಂದರೆ ಪರದೆಯ ಮೇಲೆ ಬರಿಯ ಕಪ್ಪು ಕಾಣುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಮಸೂರಕ್ಕೆ ಗೀರು ಬೀಳುವುದು. ಮೊದಲು ನೀರೆರಚಿ ಮಣ್ಣನ್ನು ನೆನೆಸಿ, ಅನಂತರ ಮೆತ್ತನೆಯ ಅರಿವೆಯಿಂದ ಒರೆಸತಕ್ಕದ್ದು.