ಕಬ್ಬಿನ ಸೀಮಿಯೊಳಗ ವಿಸ್ಕಿ ಎಲ್ಲಿಂದ ಬಂತು?

ಐರ್ಲೆಂಡಿನ ಡಬ್ಲಿನ್‌ನ್ಯಾಗ ಗೈಡ್ ಬೆನ್ನ ಹತ್ತಿ ಓಣಿ ಓಣಿ ಅಡ್ಡಾಡಿ ವಿಸ್ಕಿ, ಜಿನ್, ಸ್ಟೌಟ್ ಬಿಯರ್ ರುಚಿ ನೋಡತಾರ. ಅದೇ ಆಟ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಆಡಿದ್ರ?

ಮೊದಲ ಕಬ್ಬು ನೋಡ್ರಿ. ಹಂಗಾಮಿನ್ಯಾಗ ಡಬಲ್ ಟ್ರೇಲರ್ ಟ್ರ್ಯಾಕ್ಟರ್ ಮುಂದ ಸಿಕ್ಕಿತಂದ್ರ ಓವರ್‌ಟೇಕ್ ಆಸೆ ಬಿಡ್ರಿ! ಕಬ್ಬು ಸಂಕೇಶ್ವರದ ಹಿರಣ್ಯಕೇಶಿಯಂಥ ಕಾರ್ಖಾನಿಗೆ ಹೋಗತೈತಿ. ರಸ ಕುದಿಸಿ ಸಕ್ಕರಿ ತಗದ ಮ್ಯಾಲ ಉಳಿಯೋ ಕಪ್ಪನ್ನ ಅಂಟಂಟ ಪಾಕ ಕಾಕಂಬಿ. ಅದಕ್ಕ ನೀರು, ಯೀಸ್ಟ್ ಹಾಕಿ ಹುಳಿ ಬರಿಸಿ ಭಟ್ಟಿ ಇಳಿಸಿದ್ರ ಸ್ಪಿರಿಟ್. ನಮ್ಮ ದೇಶದ ಎಷ್ಟೋ ಅಗ್ಗದ ವಿಸ್ಕಿಯ ಮೂಲ ಇದೇ.

ಐರ್ಲೆಂಡಿನವ್ರು ಇದನ್ನ ವಿಸ್ಕಿ ಅಂತ ಒಪ್ಪೂದಿಲ್ಲ. ಅಲ್ಲಿ ಬಾರ್ಲಿಯಂಥ ಕಾಳೇ ಆಗಬೇಕು, ಮರದ ಪೀಪಾಯಿಯೊಳಗ ಕಮ್ಮೀತಕಮ್ಮಿ 3 ವರ್ಷ ಇರಬೇಕು. ಸ್ಟೌಟ್ ಕಪ್ಪಾಗೂದೂ ಹುರಿದ ಬಾರ್ಲಿಯಿಂದ. ಜಿನ್‌ಗ ಮಾತ್ರ ಈ ತಕರಾರಿಲ್ಲ: ಸ್ಪಿರಿಟ್ ಕಬ್ಬಿಂದಾದ್ರೂ ನಡೀತೈತಿ, ಜುನಿಪರ್ ಘಮ ಮುಂದಿರಬೇಕು ಅಷ್ಟ. ಬಾರ್ಲಿ ದಾರಿ ಹಿಡದ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಾಗ ಬಿಡುಗಡೆ ಆಗಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಾಗ. ಸ್ಕಾಚ್‌ನವರ ಮನಿ ಬಾಗಿಲಿಗೇ ಹೋಗಿ ಕುಂತಂಗ!

ಗೋಕಾಕ ಪೇಟಿಯೊಳಗ ಅಡ್ಡಾಡಿ ರುಚಿ ನೋಡೂದಂದ್ರ ಕರದಂಟು. ತುಪ್ಪದಾಗ ಬಿಟ್ಟ ಅಂಟು ಚಟಪಟ ಅಂತ ಅರಳಿ ಉಬ್ಬತೈತಿ. ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಜೋಡಿ ಬೆಲ್ಲದ ಪಾಕಕ್ಕ ಬೀಳತೈತಿ. ಇಲ್ಲೂ ಕಬ್ಬ ಐತ್ರಿ, ನಶೆ ಇಲ್ಲ. ಅರ್ಧ ಕೆಜಿ ಕಟ್ಟಿಸ್ಕೊರಿ. ಗಾಡಿ ಹೊಡಿಯಾವ್ರಿಗೂ ಅಡ್ಡಿ ಇಲ್ಲ.