ತಕ್ಕಡಿ ಸರಿ ಇಟ್ಟರೆ ಅದೂ ಭಕ್ತಿಯೇ

ಚಳ್ಳಕೆರೆ/ಮೊಳಕಾಲ್ಮುರು: ಭಾನುವಾರ ಚರ್ಚಿಗೆ ಹೋಗಿ ಬಂದರೆ ಮುಗೀತಾ? ಇಲ್ಲ ಅನ್ನುತ್ತೆ ಬೈಬಲ್. ಸೋಮವಾರ ಅಂಗಡಿ ಬಾಗಿಲು ತೆಗೆದ ಮೇಲೆ ಹೇಗೆ ನಡೆದುಕೊಳ್ತಾರೆ ಅನ್ನೋದನ್ನೂ ಅದು ಕೇಳುತ್ತದೆ.

ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಎರಡು ನೇರ ಮಾತುಗಳಿವೆ. ತಕ್ಕಡಿ, ತೂಕದ ಕಲ್ಲು ಸರಿ ಇರಬೇಕು. ದುಡಿದವರ ಕೂಲಿಯನ್ನು ರಾತ್ರಿಯೆಲ್ಲ ಇಟ್ಟುಕೊಳ್ಳಬಾರದು.

ಮೊದಲನೆಯದು ಎಣ್ಣೆ ಮಿಲ್ಲುಗಳ ಊರು ಚಳ್ಳಕೆರೆಗೆ ಚೆನ್ನಾಗಿ ಅರ್ಥವಾಗುವ ಮಾತು. ಕ್ವಿಂಟಲ್‌ಗೆ ಒಂದು ಕೆ.ಜಿ. ಹೊಡೆದರೂ, 50 ಕ್ವಿಂಟಲ್ ಶೇಂಗಾ ತಂದ ರೈತನಿಗೆ ಅರ್ಧ ಕ್ವಿಂಟಲ್ ಹೋದಂತೆ. ಎರಡನೆಯದು ರೇಷ್ಮೆ ಸೀರೆಯ ಮೊಳಕಾಲ್ಮುರಿನ ಮಾತು. ಸೀರೆ ನೇಯ್ದುಕೊಟ್ಟವರಿಗೆ ಮಜೂರಿ ‘ನಾಳೆ ಬಾ’ ಆಗಬಾರದು.

ತಪ್ಪು ಈಗಾಗಲೇ ಆಗಿಹೋಗಿದ್ದರೆ? ಲೂಕನ ಸುವಾರ್ತೆಯಲ್ಲಿ ಸುಂಕದ ಜಕ್ಕಾಯ, ಮೋಸದಿಂದ ತಗೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂತಾನೆ. ಬರೀ ಕ್ಷಮೆ ಕೇಳಿದರೆ ಸಾಲದು, ಕಳೆದುಕೊಂಡವರ ಕೈಗೆ ದುಡ್ಡು ಸೇರಬೇಕು.

ಕಾನೂನೂ ಇದೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಆದರೆ ಮುದ್ರೆ ಬೀಳೋದು ಒಂದು ದಿನ. ಉಳಿದ 364 ದಿನ ತಕ್ಕಡಿ ಕಾಯಬೇಕಾದ್ದು ಅಂಗಡಿಯವರ ಮನಸ್ಸೇ. ಯಾವ ಧರ್ಮದವರಿಗಾದರೂ ಲೆಕ್ಕ ಒಂದೇ.