ಔಷಧದ ಪಂಪೂ ಅದರ ಸಣ್ಣ ಭಾಗಗಳೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು, ಬತ್ತ, ಹತ್ತಿಗಳನ್ನು ಬೆಳೆಯುವವರಿಗೆ ಬೆನ್ನಿಗೆ ಹೊರುವ ಔಷಧದ ಪಂಪು ಬಹಳ ಪರಿಚಿತವಾದ ಉಪಕರಣವು. ಹಿಂದೆ ಇದು ಹಿತ್ತಾಳೆಯದಾಗಿದ್ದು, ಒಳಗಿನ ವಾಷರು ಚರ್ಮದ್ದಾಗಿರುತ್ತಿತ್ತು. ಈಗ ಹೆಚ್ಚಾಗಿ ಎಲ್ಲವೂ ಪ್ಲಾಸ್ಟಿಕ್ಕಿನವೇ. ಪ್ಲಾಸ್ಟಿಕ್ಕು ಹಗುರವಾದುದು, ತುಕ್ಕು ಹಿಡಿಯದು. ಆದರೆ ಬಿಸಿಲಿನಲ್ಲಿ ಬಿಟ್ಟರೆ ಪೆಡಸಾಗಿ ಸೀಳುವುದು.

ಒಂದು ಭಾಗವು ಸವೆದೊಡನೆ ಕೆಲವರು ಇಡೀ ಪಂಪನ್ನು ಮೂಲೆಗೆ ಹಾಕುವರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಮತ್ತೆ ಕೆಲವರು ಸೋರುವ ಪಂಪನ್ನೇ ಹೊತ್ತು ದುಡಿಯುವರು. ಇದು ಇನ್ನೂ ದೊಡ್ಡ ಕೇಡು. ಸೋರಿದ ವಿಷವು ಬಟ್ಟೆಯನ್ನು ನೆನೆಸಿ ಚರ್ಮದ ಮೂಲಕ ಮೈಗೆ ಸೇರುವುದು.

ಆದ್ದರಿಂದ ಮೂರು ಭಾಗಗಳನ್ನು ವಿಶೇಷವಾಗಿ ಪರೀಕ್ಷಿಸತಕ್ಕದ್ದು. ಮೊದಲನೆಯದು, ಕೊಳವೆಯೊಳಗೆ ಮೇಲೆ ಕೆಳಗೆ ಆಡುವ ವಾಷರು. ಅದು ಸವೆದರೆ ಎಷ್ಟು ಒತ್ತಿದರೂ ಒತ್ತಡ ನಿಲ್ಲದೆ, ಮಂಜಿನಂತೆ ಬೀಳಬೇಕಾದ ನೀರು ದಪ್ಪ ಹನಿಯಾಗುವುದು. ಎರಡನೆಯದು, ಮುಚ್ಚಳ ಮತ್ತು ಹಿಡಿಗಳ ಸಂದಿನಲ್ಲಿರುವ ರಬ್ಬರು ಬಳೆ. ಇದು ಬಿರುಕು ಬಿಟ್ಟರೆ ಸೋರುವುದು. ಮೂರನೆಯದು ನಾಝಲು. ಬಹುಕಾಲ ಬಳಸಿದ ಮೇಲೆ ಅದರ ರಂಧ್ರವು ಹಿಗ್ಗಿ, ಕಣ್ಣಿಗೆ ಕಾಣದಂತೆ ಔಷಧವು ಹೆಚ್ಚು ಖರ್ಚಾಗುವುದು.

ನಾಝಲನ್ನು ಪರೀಕ್ಷಿಸುವ ಬಗೆ ಸುಲಭವಾಗಿದೆ. ಚೆನ್ನಾಗಿ ತೊಳೆದ ಪಂಪಿನಲ್ಲಿ ಬರಿಯ ನೀರನ್ನು ತುಂಬಿ, ಒಂದು ನಿಮಿಷದಲ್ಲಿ ಬೀಳುವ ನೀರನ್ನು ಅಳೆಯಬೇಕು. ಅದೇ ಬಗೆಯ ಹೊಸ ನಾಝಲನ್ನು ಹಾಕಿ, ಅದೇ ವೇಗದಲ್ಲಿ ಒತ್ತಿ, ಮತ್ತೆ ಅಳೆಯಬೇಕು. ಹೊಸದರಲ್ಲಿ 500 ಮಿಲಿಲೀಟರು ಬಿದ್ದು, ಹಳೆಯದರಲ್ಲಿ 550ಕ್ಕೆ ಮೀರಿದರೆ, ಅಂದರೆ ನೂರಕ್ಕೆ 10ಕ್ಕಿಂತ ಹೆಚ್ಚಾದರೆ, ಹಳೆಯದನ್ನು ಬದಲಾಯಿಸತಕ್ಕದ್ದು.

ಅಂಗಡಿಗೆ ಹೋಗುವಾಗ ಹಳೆಯ ಭಾಗವನ್ನು ತೊಳೆದು, ಚೀಲದಲ್ಲಿ ಕಟ್ಟಿ ಒಯ್ದರೆ ಅಳತೆ ತಪ್ಪದು. ನಾಝಲು ಕಟ್ಟಿಕೊಂಡರೆ ಬಾಯಿಂದ ಊದಲಾಗದು, ತಂತಿಯಿಂದ ಚುಚ್ಚಲಾಗದು. ಮೆತ್ತನೆಯ ಕುಂಚವೇ ಸಾಕು. ಕೆಲಸ ಮುಗಿದ ಮೇಲೆ ಪಂಪನ್ನು ಮೂರು ಸಲ ತೊಳೆದು ನೆರಳಿನಲ್ಲಿಡಬೇಕು. ಆದರೆ ಲಕ್ಷ್ಮಣತೀರ್ಥದಲ್ಲಾಗಲಿ, ಕಪಿಲೆಯಲ್ಲಾಗಲಿ, ಊರ ಕೆರೆ ಕಾಲುವೆಗಳಲ್ಲಾಗಲಿ ತೊಳೆಯಲೇಬಾರದು. ತೊಳೆದ ನೀರನ್ನು ಔಷಧ ಹೊಡೆದ ಬೆಳೆಗೇ ಸಿಂಪಡಿಸುವುದು ಲೇಸು.

ಪ್ರಿಯ ಸಹೋದರಿಯರೇ, ವಿಷ ಮುಟ್ಟಿದ ಪಂಪನ್ನು ಬಿಚ್ಚುವುದು ನಮ್ಮ ಕೆಲಸವಲ್ಲ. ಅದನ್ನು ಹಿರಿಯರು ಕೈಗವಸು ತೊಟ್ಟು ಮಾಡಲಿ. ಶಾಲೆಯ ಹೂದೋಟಕ್ಕೆ ನೀರು ಮಾತ್ರ ತುಂಬುವ ಬೇರೆ ಪಂಪು ಇರಲಿ; ಅದರಲ್ಲಿ ನಾವು ವಾಷರು ಬದಲಾಯಿಸುವುದನ್ನು ಕಲಿಯೋಣ. ರಜೆಯಲ್ಲಿ ಊರಿಗೆ ಹೋದಾಗ, “ಅಪ್ಪಾ, ಪಂಪು ಸೋರುತ್ತಿದೆಯೇ?” ಎಂದು ಮರೆಯದೆ ಕೇಳೋಣ. ಒಂದು ಸಣ್ಣ ವಾಷರು ಮನೆಯವರ ಆರೋಗ್ಯವನ್ನು ಕಾಯಬಲ್ಲುದು.